ಬರೆದಿಟ್ಟ ಮಾತಿನ ಬಲ

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದದ್ದು 2023ರ ಜನವರಿ 2ರಂದು, ವೈಕುಂಠ ಏಕಾದಶಿಯ ದಿನ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಅವರು ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಸೇರಲು ಒಪ್ಪಲಿಲ್ಲ. ವೈದ್ಯರೇ ಆಶ್ರಮಕ್ಕೆ ಬಂದು ನೋಡಿಕೊಂಡರು. ಅವರು ತೀರಿಕೊಂಡ ಮೇಲೆ ಓದಿದ ಒಂದು ಪತ್ರ ಈ ನಾಡಿನ ಜನರಿಗೆ ಇನ್ನೂ ನೆನಪಿದೆ. 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದ ಆ ಅಂತಿಮ ಅಭಿವಂದನಾ ಪತ್ರದಲ್ಲಿ, ತಮ್ಮ ದೇಹವನ್ನು ಹೂಳದೆ ಸುಡಬೇಕು, ಸ್ಮಾರಕ ಕಟ್ಟಬಾರದು, ಶ್ರಾದ್ಧಕರ್ಮ ಬೇಡ ಎಂದು ತಿಳಿಸಿದ್ದರು. ಲಿಂಗಾಯತರಲ್ಲಿ ಹೂಳುವುದೇ ರೂಢಿ. ದೊಡ್ಡ ಸ್ವಾಮಿಗಳಾದರೆ ಗದ್ದುಗೆಯಾಗುತ್ತದೆ, ಜಾತ್ರೆಯಾಗುತ್ತದೆ. ಸೈನಿಕ ಶಾಲೆಯ ಮೈದಾನದಲ್ಲಿ ದರ್ಶನಕ್ಕೆ ಸಾಲುಗಟ್ಟಿದ್ದ ಲಕ್ಷಾಂತರ ಜನರಲ್ಲಿ ಬಹಳ ಮಂದಿ ಗದ್ದುಗೆಯನ್ನೇ ಬಯಸಿದ್ದಿರಬಹುದು. ಆದರೂ ಆಶ್ರಮದ ಆವರಣದಲ್ಲಿ ಚಿತೆಗೆ ಬೆಂಕಿ ಇಟ್ಟರು. ರೂಢಿಗಿಂತ, ಭಕ್ತರ ಆಸೆಗಿಂತ, ಎಂಟು ವರ್ಷ ಹಿಂದೆ ಬರೆದಿಟ್ಟ ಮಾತೇ ಮೇಲಾಯಿತು.

ಆ ಪತ್ರ ವೈದ್ಯಕೀಯ ಚಿಕಿತ್ಸೆಯನ್ನು ಕುರಿತದ್ದಲ್ಲ, ದೇಹ ಬಿಟ್ಟ ಮೇಲಿನ ವಿಷಯದ್ದು. ಆಸ್ಪತ್ರೆ ಬೇಡವೆಂದಾಗ ಸ್ವಾಮೀಜಿಯವರಿಗೆ ಅರಿವಿತ್ತು, ಸುತ್ತಲಿನವರು ಅವರ ಮಾತು ಕೇಳುವಂತಿದ್ದರು. ಅರಿವಿರುವ ವಯಸ್ಕ ರೋಗಿ ತನಗೆ ಇಂಥ ಚಿಕಿತ್ಸೆ ಬೇಡ ಎಂದರೆ ಯಾವ ವೈದ್ಯರೂ ಬಲವಂತ ಮಾಡುವಂತಿಲ್ಲ. ಇದರಲ್ಲಿ ಕಾನೂನಿಗೆ ಗೊಂದಲವಿಲ್ಲ. ಗೊಂದಲವಿರುವುದು ಅರಿವು ಹೋದವರ ವಿಷಯದಲ್ಲಿ. ಮಿದುಳಿನಲ್ಲಿ ರಕ್ತಸ್ರಾವವಾಗಿ ಬಿದ್ದ ಎಪ್ಪತ್ತೈದರ ಹಿರಿಯ, ಅಪಘಾತದಲ್ಲಿ ತಲೆಗೆ ಪೆಟ್ಟು ತಿಂದು ಕಣ್ಣು ತೆರೆಯದ ಯುವಕ, ಕ್ಯಾನ್ಸರ್ ಮೈಯೆಲ್ಲ ಹಬ್ಬಿ ಪ್ರಜ್ಞೆ ತಪ್ಪಿದ ತಾಯಿ, ಇವರ ಬಾಯಿ ಕಟ್ಟಿದ ಮೇಲೆ ಬೇಕು ಬೇಡ ಹೇಳುವವರು ಯಾರು? ಮಾತು ನಿಂತಿತೆಂದು ಹಕ್ಕೂ ನಿಂತುಹೋಗುತ್ತದೆಯೇ? ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಆದರೆ ಆ ಹಕ್ಕು ವಿಜಯಪುರದ ಐಸಿಯು ಬಾಗಿಲವರೆಗೆ ಬರಬೇಕಾದರೆ, ಸ್ವಾಮೀಜಿಯವರು ಮಾಡಿದಂತೆ ನಾವೂ ಆರೋಗ್ಯ ನೆಟ್ಟಗಿರುವಾಗಲೇ ಕುಳಿತು ಬರೆದಿಡಬೇಕಾಗುತ್ತದೆ.

ಬರೆದಿಡದಿದ್ದರೆ ಈಗ ಏನು ನಡೆಯುತ್ತಿದೆ ಎಂಬುದನ್ನು ಮೊದಲು ಕಣ್ಣುಬಿಟ್ಟು ನೋಡೋಣ. ತಿಕೋಟಾ ಸೀಮೆಯಲ್ಲಿ ದ್ರಾಕ್ಷಿ ಬೆಳೆದು, ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡಿ ಮಾರುವ ಕುಟುಂಬವಿರಲಿ, ಬಬಲೇಶ್ವರದ ಕಡೆ ಕಬ್ಬು ಕಳಿಸುವ ಕುಟುಂಬವಿರಲಿ, ಹಿರಿಯರು ಬಿದ್ದ ತಕ್ಷಣ ಗಾಡಿ ಓಡುವುದು ವಿಜಯಪುರಕ್ಕೆ, ಅಲ್ಲಿಂದ ಕೆಲವೊಮ್ಮೆ ಸೋಲಾಪುರಕ್ಕೆ. ಗಂಟಲಿಗೆ ನಳಿಗೆ, ಅದರ ತುದಿಗೆ ವೆಂಟಿಲೇಟರ್, ಮೂಗಿಗೆ ಊಟದ ನಳಿಗೆ. ದಿನ ಕಳೆದಂತೆ ವೈದ್ಯರ ಮಾತು ಚಿಕ್ಕದಾಗುತ್ತದೆ. ಕೊನೆಗೆ, 'ಇನ್ನ ನಮ್ಮ ಕೈಯಾಗ ಏನಿಲ್ರಿ, ಮನಿಗೆ ಕರ್ಕೊಂಡ ಹೋಗ್ರಿ' ಎನ್ನುವ ಮಾತು ಬರುತ್ತದೆ. ಕೆಲವೊಮ್ಮೆ ಅದಕ್ಕೂ ಮೊದಲೇ ಮನೆಯವರ ಕೈಯಲ್ಲಿನ ದುಡ್ಡು ಮುಗಿದಿರುತ್ತದೆ. ಆಗ ಒಂದು ಹಾಳೆ ಮುಂದೆ ಬರುತ್ತದೆ. ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಇಚ್ಛೆಯಿಂದ ಕರೆದೊಯ್ಯುತ್ತಿದ್ದೇವೆ, ಮುಂದಾಗುವುದಕ್ಕೆ ಆಸ್ಪತ್ರೆ ಹೊಣೆಯಲ್ಲ ಎಂಬ ಹಾಳೆ. ಹಿರಿಮಗ ಸಹಿ ಹಾಕುತ್ತಾನೆ. ಆಂಬುಲೆನ್ಸಿನಲ್ಲಿ ಒಬ್ಬರು ಆಂಬು ಬ್ಯಾಗನ್ನು ಕೈಯಿಂದ ಒತ್ತುತ್ತ ಉಸಿರು ಕೊಡುತ್ತ ಬರುತ್ತಾರೆ. ಮನೆಯ ಹೊಸ್ತಿಲು ದಾಟಿದ ಮೇಲೆ ನಳಿಗೆ ತೆಗೆಯುತ್ತಾರೆ. ಉಸಿರು ಕಟ್ಟುವ ಸಂಕಟಕ್ಕೆ ಮದ್ದಿಲ್ಲ, ನೋವಿಗೆ ಮಾರ್ಫಿನ್ ಇಲ್ಲ, ಪಕ್ಕದಲ್ಲಿ ನರ್ಸ್ ಇಲ್ಲ. ದೇಶದ ತುಂಬ ಹೀಗೆಯೇ ನಡೆಯುತ್ತದೆ, ನಡೆಯುತ್ತದೆಂದು ಎಲ್ಲರಿಗೂ ಗೊತ್ತು.

ಇದೂ ಚಿಕಿತ್ಸೆಯನ್ನು ನಿರಾಕರಿಸುವುದೇ. ಆದರೆ ರೋಗಿಗೆ ಏನು ಬೇಕಿತ್ತು ಎಂದು ಇಲ್ಲಿ ಯಾರೂ ಕೇಳಿಲ್ಲ. ಎರಡನೆಯ ವೈದ್ಯರ ಅಭಿಪ್ರಾಯವಿಲ್ಲ. ದಾಖಲೆಯಲ್ಲಿರುವುದು ವೈದ್ಯರ ಸಲಹೆ ಮೀರಿದೆವೆಂಬ ಸುಳ್ಳು. ಸಹಿ ಹಾಕಿದ ಮಗ ತಾನೇ ಅಪ್ಪನ ಕೊರಳು ಹಿಸುಕಿದಂತಾಯಿತೇನೋ ಎಂಬ ಕೊರಗನ್ನು ಬದುಕಿರುವತನಕ ಹೊರುತ್ತಾನೆ. ಕಾನೂನುಬದ್ಧ ನಿರಾಕರಣೆಯ ಹಕ್ಕನ್ನು ವಿರೋಧಿಸುವವರು ಅದನ್ನು ಎಲ್ಲ ಚಿಕಿತ್ಸೆಯೂ ಕೊನೆತನಕ ನಡೆಯುವ ಒಂದು ಆದರ್ಶ ಲೋಕದ ಜೊತೆ ಹೋಲಿಸುತ್ತಾರೆ. ಹೋಲಿಸಬೇಕಾದದ್ದು ಆ ಸಹಿ ಮತ್ತು ಆ ಆಂಬುಲೆನ್ಸಿನ ಜೊತೆ.

ಕಾನೂನು ಇಲ್ಲಿಗೆ ಬಂದ ದಾರಿಯಲ್ಲಿ ಕರ್ನಾಟಕದ ಮಗಳೊಬ್ಬಳ ನೋವಿದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯಲ್ಲಿ ಅವರ ಮೇಲೆ ನಡೆದ ಪಾಶವೀ ದಾಳಿಯಲ್ಲಿ ಮಿದುಳಿಗೆ ಆಮ್ಲಜನಕ ನಿಂತು, ಮುಂದಿನ 41 ವರ್ಷಕ್ಕೂ ಹೆಚ್ಚು ಕಾಲ ಅವರು ಹಾಸಿಗೆಯಲ್ಲೇ ಉಳಿದರು. ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯ ಮೇಲೆ 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಜೀವ ಹಿಡಿದಿಡುವ ಚಿಕಿತ್ಸೆಯನ್ನು ಹಿಂತೆಗೆಯಲು ಹೈಕೋರ್ಟಿನ ಅನುಮತಿಯೊಂದಿಗೆ ಅವಕಾಶವಿದೆ ಎಂದು ಆ ತೀರ್ಪಿನಲ್ಲಿ ಮೊದಲ ಬಾರಿ ಒಪ್ಪಿದರೂ, ಅರುಣಾ ಅವರ ವಿಷಯದಲ್ಲಿ ಆ ಅನುಮತಿ ಕೊಡಲಿಲ್ಲ. ದಶಕಗಳ ಕಾಲ ಅವರಿಗೆ ಉಣಿಸಿ, ಮೈ ತೊಳೆದು, ಬೆನ್ನಿಗೆ ಹುಣ್ಣಾಗದಂತೆ ಕಾದ ಆಸ್ಪತ್ರೆಯ ಸಿಬ್ಬಂದಿ ಬೇಡವೆಂದರು. ಹತ್ತಿರದವರ ಸ್ಥಾನದಲ್ಲಿ ನ್ಯಾಯಾಲಯ ಅವರನ್ನೇ ಕಂಡಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು. ಆ ಸಿಬ್ಬಂದಿಯ ಸೇವೆಗೆ ತಲೆಬಾಗಲೇಬೇಕು. ಆದರೆ ಅಷ್ಟೂ ವಾದದಲ್ಲಿ ಸಿಗದೆ ಉಳಿದದ್ದು ಒಂದೇ, ಅರುಣಾ ಅವರ ಸ್ವಂತ ಮಾತು. ಇಪ್ಪತ್ತೈದರ ಹರೆಯದಲ್ಲಿ ಯಾರು ತಾನೆ ಅಂಥದ್ದನ್ನು ಹೇಳಿಟ್ಟಿರುತ್ತಾರೆ? ಕಾದಾಡಿದ್ದು ಎರಡು ಪ್ರೀತಿಗಳು. ಯಾರ ಬದುಕಿನ ಪ್ರಶ್ನೆಯೋ ಆಕೆಯ ದನಿ ಮಾತ್ರ ಇರಲಿಲ್ಲ.

ಇದೇ ಕೊರತೆ ಅಮೆರಿಕದಲ್ಲೂ ಕಾಡಿತ್ತು. ನ್ಯಾನ್ಸಿ ಕ್ರೂಸನ್ ಎಂಬ ಯುವತಿ 1983ರ ಕಾರು ಅಪಘಾತದಿಂದ ಅರಿವಿಲ್ಲದ ಸ್ಥಿತಿಗೆ ಹೋದಳು. ಊಟದ ನಳಿಗೆ ತೆಗೆಯಿರಿ ಎಂದು ತಂದೆತಾಯಿ ಕೇಳಿದರು. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಚಿಕಿತ್ಸೆ ನಿರಾಕರಿಸುವ ಹಕ್ಕಿದೆ ಎಂಬುದನ್ನು ಒಪ್ಪಿಕೊಂಡಿತು, ಜೊತೆಗೆ ಅರಿವಿಲ್ಲದವರ ಇಚ್ಛೆ ಇದೇ ಎಂಬುದಕ್ಕೆ ಸ್ಪಷ್ಟ ಪುರಾವೆ ಕೇಳುವ ಅಧಿಕಾರ ರಾಜ್ಯಕ್ಕಿದೆ ಎಂದೂ ಹೇಳಿತು. ನ್ಯಾನ್ಸಿ ಏನನ್ನೂ ಬರೆದಿಟ್ಟಿರಲಿಲ್ಲ. ಹಳೆಯ ಗೆಳೆಯರು ಬಂದು ಅವಳು ಆಡಿದ್ದ ಮಾತುಗಳನ್ನು ನೆನಪಿನಿಂದ ಹೇಳಿದ ಮೇಲೆಯೇ ಕೆಳ ನ್ಯಾಯಾಲಯ ಒಪ್ಪಿದ್ದು. ಕಾನೂನು ಆ ಪುರಾವೆ ಕೇಳಿದ್ದನ್ನು ನಿರ್ದಯವೆನ್ನಲಾಗದು. ಎದ್ದು ಹೇಳಲಾರದ ಜೀವದ ಪರವಾಗಿ ನ್ಯಾಯಾಲಯ ಎಚ್ಚರದಿಂದಿರಬೇಕು. ಆ ಎಚ್ಚರಕ್ಕೆ ಸಮಾಧಾನ ಕೊಡುವುದು ಒಂದು ಹಾಳೆ ಕಾಗದ.

ನಮ್ಮಲ್ಲಿ 2018ರ ಮಾರ್ಚ್ 9ರಂದು, ಕಾಮನ್ ಕಾಸ್ ಸಂಸ್ಥೆಯ ಅರ್ಜಿಯ ಮೇಲೆ, ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ನೇತೃತ್ವದ ಐವರ ಸಂವಿಧಾನ ಪೀಠ ಆ ಕಾಗದಕ್ಕೆ ಮಾನ್ಯತೆ ಕೊಟ್ಟಿತು. ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಸೇರಿದೆ ಎಂದಿತು. ಚುಚ್ಚುಮದ್ದು ಕೊಟ್ಟು ಕೊಲ್ಲುವುದು ಅಂದೂ ಅಪರಾಧ, ಇಂದೂ ಅಪರಾಧ. ಗುಣವಾಗುವ ಆಸೆಯಿಲ್ಲದ ರೋಗಿಗೆ ಸಾವನ್ನು ಎಳೆದಾಡಿಸುವ ಯಂತ್ರವನ್ನು ಹಾಕದಿರುವುದು, ಹಾಕಿದ್ದರೆ ತೆಗೆಯುವುದು, ಇಷ್ಟಕ್ಕೇ ಅನುಮತಿ. ಆದರೆ ಅಂದಿನ ಷರತ್ತುಗಳು ಎಷ್ಟು ಬಿಗಿಯಾಗಿದ್ದವೆಂದರೆ, ಕಾಗದಕ್ಕೆ ಮ್ಯಾಜಿಸ್ಟ್ರೇಟರೇ ಮೇಲುಸಹಿ ಹಾಕಬೇಕಿತ್ತು, ಕೊನೆಗೆ ಅವರೇ ಆಸ್ಪತ್ರೆಗೆ ಬಂದು ರೋಗಿಯನ್ನು ನೋಡಬೇಕಿತ್ತು. ಹಕ್ಕು ತೀರ್ಪಿನ ಪುಟದಲ್ಲೇ ಉಳಿಯಿತು. 2023ರ ಜನವರಿ 24ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ನೇತೃತ್ವದ ಪೀಠ ಆ ಗಂಟುಗಳನ್ನು ಸಡಿಲಿಸಿತು. ಸಿದ್ಧೇಶ್ವರ ಸ್ವಾಮೀಜಿಯವರ ಪತ್ರವನ್ನು ವಿಜಯಪುರ ಓದಿ ಆಗಿನ್ನೂ ತಿಂಗಳೂ ತುಂಬಿರಲಿಲ್ಲ.

ಈಗಿನ ವಿಧಾನ ಹಳ್ಳಿಯವರಿಗೂ ಎಟುಕುವಂಥದ್ದು. ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರಾದರೂ, ಯಾರ ಒತ್ತಾಯವೂ ಇಲ್ಲದೆ, ಎಂಥ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ತಮಗೆ ಬೇಡವೆಂದು ಬರೆಯಬಹುದು. ತಮ್ಮ ಪರವಾಗಿ ಮಾತಾಡಬೇಕಾದ ಹತ್ತಿರದವರನ್ನು ಅದರಲ್ಲೇ ಹೆಸರಿಸಬೇಕು. ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಹೆಸರಿಸಬಹುದು. ಇಬ್ಬರು ಸ್ವತಂತ್ರ ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ತಿಕೋಟಾ, ಬಬಲೇಶ್ವರಗಳು ತಾಲ್ಲೂಕು ಕೇಂದ್ರಗಳಾದ ಮೇಲೆ ಅದಕ್ಕಾಗಿ ವಿಜಯಪುರದ ಕೋರ್ಟಿನವರೆಗೆ ಬರಲೇಬೇಕೆಂದೇನೂ ಇಲ್ಲ; ತಹಶೀಲ್ದಾರರೂ ಗೆಜೆಟೆಡ್ ಅಧಿಕಾರಿಯೇ. ಒಂದು ಪ್ರತಿ ಹೆಸರಿಸಿದವರ ಕೈಗೆ, ಒಂದು ಮನೆಯ ವೈದ್ಯರಿದ್ದರೆ ಅವರ ಕೈಗೆ, ಇನ್ನೊಂದು ಪಂಚಾಯಿತಿ ಇಲ್ಲವೇ ಪಾಲಿಕೆಯ ಗೊತ್ತುಪಡಿಸಿದ ಅಧಿಕಾರಿಗೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂದಕ್ಕೆ ಪಡೆಯಬಹುದು.

ಕಾಗದವಿದ್ದ ಮಾತ್ರಕ್ಕೆ ವೆಂಟಿಲೇಟರ್ ಆರಿಸುವುದಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಆ ರೋಗದಲ್ಲಿ ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರು ಸೇರಿದ ಮೊದಲ ಮಂಡಳಿ, ಆದಷ್ಟು 48 ಗಂಟೆಯೊಳಗೆ, ಗುಣವಾಗುವ ಸಾಧ್ಯತೆ ಇಲ್ಲವೆಂದು ಒಪ್ಪಬೇಕು. ಆಮೇಲೆ ಬೇರೆಯೇ ವೈದ್ಯರ ಎರಡನೆಯ ಮಂಡಳಿ ಅದನ್ನು ಮತ್ತೆ ಪರಿಶೀಲಿಸಬೇಕು. ಅದರಲ್ಲೊಬ್ಬರು ಜಿಲ್ಲಾ ಆರೋಗ್ಯ ಆಡಳಿತ ಹೆಸರಿಸಿದವರಾಗಿರಬೇಕು. ಜಾರಿಗೆ ತರುವ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ, ಅಂದರೆ ಜೆಎಂಎಫ್‌ಸಿ ನ್ಯಾಯಾಲಯಕ್ಕೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ವಿಜಯಪುರದವರಿಗೆ ಅದು ಕಲಬುರಗಿ ಪೀಠ. ಏನನ್ನೂ ಬರೆದಿಡದ ರೋಗಿಗೂ ಇದೇ ಎರಡು ಮಂಡಳಿಗಳ ದಾರಿ, ಆದರೆ ಅಲ್ಲಿ ಮನೆಯವರ ಒಪ್ಪಿಗೆ ರೋಗಿಯ ಮಾತಿನ ಜಾಗಕ್ಕೆ ಬರುತ್ತದೆ. ಈ ವ್ಯವಸ್ಥೆ ಜಿಲ್ಲೆಗಳಲ್ಲಿ ನಡೆಯಲೆಂದು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಎರಡನೆಯ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ವೈದ್ಯರನ್ನು ಹೆಸರಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿದೆ. ದೇಶದಲ್ಲಿ ಇಂಥ ಹೆಜ್ಜೆ ಇಟ್ಟ ಮೊದಲ ಕೆಲವೇ ರಾಜ್ಯಗಳಲ್ಲಿ ನಮ್ಮದು ಸೇರಿದೆ, ಇದಕ್ಕೆ ಸರ್ಕಾರವನ್ನು ಮೆಚ್ಚಬೇಕು.

ಆಗ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರ ಹೆಸರು ಎಲ್ಲ ಪತ್ರಿಕೆಗಳಲ್ಲೂ ಬಂತು. ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಹೋರಾಡಿದವರು ಅವರು. ಆ ಹಟ ದೊಡ್ಡದು. ಆದರೆ ಸುತ್ತೋಲೆ ಬಂದಿತು, ಇನ್ನು ಬೇಕಾದವರಿಗೆ ಸಾವು ಸಿಗುತ್ತದೆ ಎಂಬಂಥ ಮಾತು ಹರಡಿದ್ದು ಸರಿಯಲ್ಲ. ನೋವಿನಲ್ಲಿದ್ದರೂ ಎಚ್ಚರವಾಗಿದ್ದು, ಯಂತ್ರದ ಹಂಗಿಲ್ಲದೆ ಉಸಿರಾಡುತ್ತಿರುವವರಿಗೆ ಈ ಕಾನೂನು ಸಾವನ್ನು ಒದಗಿಸುವುದಿಲ್ಲ.

ಆಕ್ಷೇಪಗಳಲ್ಲಿ ಮೊದಲನೆಯದು ಆಸ್ತಿಯದ್ದು. ನೀರಾವರಿ ಬಂದ ಮೇಲೆ ಎಕರೆಗೆ ಬೆಲೆ ಏರಿರುವ ಈ ಸೀಮೆಯಲ್ಲಿ ಅದನ್ನು ತಳ್ಳಿಹಾಕುವಂತಿಲ್ಲ. ಮಕ್ಕಳು ಮುದುಕರಿಂದ ಸಹಿ ಮಾಡಿಸಿಕೊಂಡು ಬೇಗ ಮುಗಿಸಿಬಿಟ್ಟರೆ? ಇಂಥ ಮಕ್ಕಳಿದ್ದಾರೆ, ನಿಜ. ಆದರೆ ಅಂಥ ಮಗನಿಗೆ ಅನುಕೂಲವಾಗಿರುವುದು ಇಂದಿನ ಮನೆಗೆ ಒಯ್ಯುವ ಪದ್ಧತಿಯೇ. ಅಲ್ಲಿ ಅವನೊಬ್ಬನ ಸಹಿ ಸಾಕು. ಹೊಸ ದಾರಿಯಲ್ಲಿ ಅವನು ಎರಡು ಮಂಡಳಿಗಳ ವೈದ್ಯರನ್ನು, ಅವರಲ್ಲೂ ಸರ್ಕಾರ ಹೆಸರಿಸಿದ ಒಬ್ಬರನ್ನು, ದಾಟಬೇಕು. ನ್ಯಾಯಾಲಯಕ್ಕೆ ಸುದ್ದಿ ಹೋಗುತ್ತದೆ. ಒಬ್ಬನೇ ಮಗನ ಬದಲು ಮಗಳನ್ನೂ ತಮ್ಮನನ್ನೂ ಸೇರಿಸಿ ಹೆಸರಿಸಬಹುದು. ಹಳ್ಳಿಗಳಲ್ಲಿ ಅಪ್ಪ-ಅವ್ವನ ಆರೈಕೆಗೆ ಹೆಣ್ಣುಮಕ್ಕಳು ತವರಿಗೆ ಓಡಿಬರುತ್ತಾರೆ, ಆದರೆ ನಿರ್ಧಾರದ ಹೊತ್ತಿಗೆ ಅವರನ್ನು ಕೇಳುವವರಿಲ್ಲ. ಈ ಕಾಗದದಲ್ಲಿ ಅವರ ಹೆಸರಿದ್ದರೆ ಆಸ್ಪತ್ರೆ ಅವರನ್ನೂ ಕರೆಯಲೇಬೇಕು.

ಎರಡನೆಯದು ದೇವರು ಕೊಟ್ಟ ಆಯುಷ್ಯದ ಮಾತು. ಇದನ್ನು ಹೇಳುವವರ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಆಯುಷ್ಯ ಮುಗಿದ ದೇಹಕ್ಕೆ ಯಂತ್ರ ಹಚ್ಚುವುದನ್ನು ಯಾವ ಧರ್ಮವೂ ಕಡ್ಡಾಯ ಮಾಡಿದಂತಿಲ್ಲ. ಅಸಾಧಾರಣ ಚಿಕಿತ್ಸೆ ಪಡೆಯಲೇಬೇಕೆಂಬ ಕರ್ತವ್ಯವಿಲ್ಲ ಎಂದು ಪೋಪ್ ಹನ್ನೆರಡನೆಯ ಪಯಸ್ 1957ರಲ್ಲೇ ಅರಿವಳಿಕೆ ವೈದ್ಯರಿಗೆ ಹೇಳಿದ್ದರು. ಮಿದುಳು ಪೂರ್ತಿ ನಿಂತವರಿಂದ ಯಂತ್ರ ತೆಗೆಯಬಹುದೆಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ಒಪ್ಪಿತು. ಜೈನರ ಸಲ್ಲೇಖನ ಬೇರೆಯೇ ಹಾದಿ, ಅದು ಅರಿವಿದ್ದು ಕೈಗೊಳ್ಳುವ ವ್ರತ. ಅದನ್ನು ಅಪರಾಧವೆಂದ ರಾಜಸ್ಥಾನ ಹೈಕೋರ್ಟಿನ 2015ರ ತೀರ್ಪಿಗೆ ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ನೀಡಿತು. ಯಂತ್ರ ತೆಗೆದರೆ ಕೊಂದಂತೆ ಎನ್ನುವವರಿಗೆ ನ್ಯೂಜೆರ್ಸಿಯ ಕ್ಯಾರನ್ ಆ್ಯನ್ ಕ್ವಿನ್ಲನ್ ಪ್ರಕರಣ ಹೇಳಬೇಕು. 1976ರಲ್ಲಿ ನ್ಯಾಯಾಲಯದ ಅನುಮತಿ ಪಡೆದು ಅವಳ ವೆಂಟಿಲೇಟರ್ ತೆಗೆದರು. ಅವಳು ತಾನಾಗಿ ಉಸಿರಾಡುತ್ತ 1985ರವರೆಗೆ ಬದುಕಿದಳು. ಯಂತ್ರ ತೆಗೆದದ್ದು ಅವಳನ್ನು ಕೊಲ್ಲಲಿಲ್ಲ. ಅವಳ ದೇಹ ತನ್ನ ಹಾದಿಯಲ್ಲಿ ಹೋಗಲು ಬಿಟ್ಟಿತು, ಅಷ್ಟೇ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬಡತನದ್ದು. ಚಿಕಿತ್ಸೆಯೇ ಸಿಗದವನಿಗೆ ಚಿಕಿತ್ಸೆ ನಿರಾಕರಿಸುವ ಹಕ್ಕು ಯಾತಕ್ಕೆ? ಬೇಸಿಗೆಯಲ್ಲಿ ಗುಳೆ ಹೋಗುವ ಕುಟುಂಬದ ಮುಂದೆ ಈ ಕಾಗದ ಹಿಡಿದರೆ, ಖರ್ಚು ಉಳಿಸುವ ಉಪಾಯವಾಗಿ ಅದನ್ನು ಬಳಸುವವರು ಹುಟ್ಟಿಕೊಳ್ಳುವುದಿಲ್ಲವೇ? ಈ ಭಯಕ್ಕೆ ಪೂರ್ತಿ ಉತ್ತರ ಕಾನೂನಿನಲ್ಲಿಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಅದು ಸಿಗುವಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಗುಣವಾಗಬಲ್ಲ ರೋಗಿಯನ್ನು ಹಣವಿಲ್ಲವೆಂದು ಮನೆಗೆ ಕಳಿಸುವುದಕ್ಕೂ, ಗುಣವಾಗದ ರೋಗಿಯ ಇಚ್ಛೆಯಂತೆ ಯಂತ್ರ ಬಿಡುವುದಕ್ಕೂ ಅಜಗಜಾಂತರವಿದೆ. ಎರಡು ಮಂಡಳಿಗಳು ನೋಡಬೇಕಾದದ್ದು ವೈದ್ಯಕೀಯ ಸ್ಥಿತಿಯನ್ನು ಮಾತ್ರ. ಬಿಲ್ಲಿನ ಮಾತು ಆ ಕೋಣೆಯೊಳಗೆ ಬರಕೂಡದು. ಹಾಗೆ ನೋಡಿದರೆ ಬಡವರಿಗೇ ಈ ಮಂಡಳಿಗಳ ಅಗತ್ಯ ಹೆಚ್ಚು. ಉಳ್ಳವರು ಇನ್ನೊಬ್ಬ ತಜ್ಞರನ್ನು ಬೆಂಗಳೂರಿನಿಂದಲಾದರೂ ಕೇಳಬಲ್ಲರು. ಬಡವನಿಗೆ ಎರಡನೆಯ ಅಭಿಪ್ರಾಯ ಪುಕ್ಕಟೆಯಾಗಿ ಸಿಗುವುದು ಇಲ್ಲಿಯೇ.

ನಿರಾಕರಣೆ ಎಂದರೆ ಆರೈಕೆ ಬಿಡುವುದಲ್ಲ ಎಂಬುದೂ ಇದರೊಳಗೇ ಬರಬೇಕು. ಯಂತ್ರ ಬೇಡವೆಂದವರಿಗೂ ನೋವು ಇಳಿಸುವ ಮದ್ದು, ಉಸಿರಿನ ತಳಮಳ ತಗ್ಗಿಸುವ ಮದ್ದು, ಬಾಯಿ ಒದ್ದೆ ಮಾಡುವ ಕೈ, ಮಗ್ಗುಲು ಹೊರಳಿಸುವ ಕೈ ಬೇಕೇ ಬೇಕು. ಮಾರ್ಫಿನ್ ಒದಗಿಸುವ ದಾರಿ ಸುಗಮವಾಗಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾಯಿತು. ಅದರ ಫಲ ತಾಲ್ಲೂಕು ಆಸ್ಪತ್ರೆಯವರೆಗೆ ಇಳಿಯಬೇಕು. ಕ್ಯಾನ್ಸರಿನ ಕೊನೆಯ ವಾರದಲ್ಲಿ ಮನೆಯಲ್ಲೇ ಇರಬಯಸುವ ಬಬಲೇಶ್ವರದ ಅಜ್ಜಿಗೆ ಆ ಗುಳಿಗೆ ಊರ ಹತ್ತಿರವೇ ಸಿಗದಿದ್ದರೆ, ಅವಳ ನಿರಾಕರಣೆಯ ಹಕ್ಕು ನರಳುವ ಹಕ್ಕಾಗಿಯೇ ಉಳಿಯುತ್ತದೆ.

ಗೋವಾದಲ್ಲಿ 2024ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿ ಎಂ.ಎಸ್. ಸೋನಕ್ ಅವರೇ ಮುಂದೆ ಬಂದು ಇಂಥ ಕಾಗದವನ್ನು, ಅಂದರೆ ತಮ್ಮ ಮುಂಗಡ ಇಚ್ಛಾಪತ್ರವನ್ನು, ನೋಂದಾಯಿಸಿದರು. ದೊಡ್ಡವರು ಹಾಗೆ ಮಾಡಿದಾಗ ಉಳಿದವರ ಹಿಂಜರಿಕೆ ಕಡಿಮೆಯಾಗುತ್ತದೆ. ಸಾವಿನ ಮಾತೆತ್ತಿದರೆ 'ಅಪಶಕುನ ನುಡಿಬ್ಯಾಡ' ಎಂದು ಬಾಯಿ ಮುಚ್ಚಿಸುವ ಮನೆಗಳಲ್ಲೂ, ಸ್ವಾಮೀಜಿಯವರ ಪತ್ರದ ನೆನಪಿನಿಂದ ಮಾತು ಶುರುವಾಗಬಹುದು. ಜಿಲ್ಲಾಡಳಿತ ಮಾಡಬೇಕಾದ ಕೆಲಸವೂ ದೊಡ್ಡದೇನಲ್ಲ. ಇಚ್ಛಾಪತ್ರದ ಮಾದರಿಯನ್ನು ಸರಳ ಕನ್ನಡದಲ್ಲಿ, ಜೊತೆಗೆ ಉರ್ದು, ಮರಾಠಿಯಲ್ಲಿ ಅಚ್ಚು ಹಾಕಿಸಿ ಪಂಚಾಯಿತಿಗಳಲ್ಲಿ, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇಡಬೇಕು. ಆ ಕಾಗದವನ್ನು ಪಡೆದು ಕಾಪಿಡುವ ಅಧಿಕಾರಿಯ ಹೆಸರು, ಫೋನ್ ನಂಬರನ್ನು ಪ್ರತಿ ಪಂಚಾಯಿತಿಯ ಫಲಕದ ಮೇಲೆ ಬರೆಸಬೇಕು. ಐಸಿಯು ಇರುವ ಪ್ರತಿ ಆಸ್ಪತ್ರೆಯೂ ರೋಗಿಯನ್ನು ಸೇರಿಸಿಕೊಳ್ಳುವಾಗ ಆಧಾರ್ ಕಾರ್ಡ್, ಬಿಪಿಎಲ್ ಕಾರ್ಡ್ ಕೇಳಿದಂತೆ, ಇವರು ಇಚ್ಛಾಪತ್ರ ಬರೆದಿಟ್ಟಿದ್ದಾರೆಯೇ ಎಂದೂ ಕೇಳಬೇಕು.